ಒಂದು ದಿನ ಮುಂಚೆ ಬರುತ್ತಿದ್ದ ಮಳವಳ್ಳಿಯ ಮಳೆ

ಮಳವಳ್ಳಿ

ನೈರೋಬಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಸಿಂಹ ನೋಡಿದಿರಾ ಎಂದು. ನೋಡಲಿಲ್ಲ. ನೋಡಿದ್ದರೆ ಈ ಬರಹವನ್ನು ಸಿಂಹದಿಂದಲೇ ಶುರು ಮಾಡುತ್ತಿದ್ದೆ. ಈಗ ಮಳೆ ಅಳೆಯುವ ಒಂದು ಡಬ್ಬಿಯಿಂದ ಶುರು ಮಾಡಬೇಕಾಗಿದೆ.

ಆ ಡಬ್ಬಿ ಇರುವುದು ಮಳವಳ್ಳಿಯ ಕಚೇರಿಯೊಂದರ ಹಿತ್ತಲಲ್ಲಿ, ತಂತಿಬೇಲಿಯ ನಡುವೆ. ದಿನಾ ಬೆಳಿಗ್ಗೆ ಎಂಟೂವರೆಗೆ ಜವಾನ ಕಾಳೇಗೌಡರು ಬೇಲಿಯ ಬೀಗ ತೆಗೆದು, ಡಬ್ಬಿಯ ನೀರನ್ನು ಗಾಜಿನ ಅಳತೆಯ ಲೋಟಕ್ಕೆ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ಗೆರೆ ನೋಡಿ, ಒಳಗೆ ಹೋಗಿ ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಒಂದು ದಿನ ತಪ್ಪಿಲ್ಲ. ಮಗಳ ಮದುವೆಯ ದಿನವೂ ಬಾಸಿಂಗದ ಬುಟ್ಟಿ ಕೆಳಗಿಟ್ಟು ಬಂದು ಅಳೆದು ಹೋಗಿದ್ದರಂತೆ. ಮಂಡ್ಯದಲ್ಲೂ ಮದ್ದೂರಿನಲ್ಲೂ ಇಂಥದೇ ಒಂದೊಂದು ಡಬ್ಬಿಯಿದೆ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು, ಹುಟ್ಟೂರು ಮಳವಳ್ಳಿ. ಚಿಂತೆ ಮಾಡುವುದು ನನ್ನ ಮುಖ್ಯ ಕಸುಬು, ಪಾಠ ಉಪಕಸುಬು. ರಜೆ ಬಂದರೆ ಸುಮ್ಮನೆ ಕೂತು ಚಿಂತಿಸುವ ಬದಲು ಬಸ್ಸಿನಲ್ಲಿ ಕೂತು ಚಿಂತಿಸೋಣವೆಂದು ಮೂರು ಊರಿಗೂ ಓಡಾಡಿ ಆ ರಿಜಿಸ್ಟರುಗಳನ್ನು ನಕಲು ಮಾಡಿಕೊಂಡೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸೋಜಿಗ ಕಂಡಿತು. ಮಳವಳ್ಳಿಯಲ್ಲಿ ಇವತ್ತು ಮಳೆ ಎಂದಿದ್ದರೆ ಮದ್ದೂರಿನಲ್ಲೂ ಮಂಡ್ಯದಲ್ಲೂ ನಾಳೆ ಮಳೆ ಎಂದಿರುತ್ತಿತ್ತು. ಒಂದೆರಡು ಸಲವಲ್ಲ, ಹೆಚ್ಚುಕಡಿಮೆ ಪ್ರತಿ ಸಲ. ಬಸ್ಸಿನಲ್ಲಿ ಗಂಟೆ ಹಿಡಿಯದ ದಾರಿಗೆ ಮಳೆ ಇಡೀ ಒಂದು ದಿನ ತೆಗೆದುಕೊಳ್ಳುತ್ತಿತ್ತು! ಬೆಟ್ಟ, ಕಣಿವೆ, ಕಾವೇರಿ ಎಲ್ಲವನ್ನೂ ಸೇರಿಸಿ ಒಂದು ಕಾರಣ ಹೊಸೆದು ಇಂಗ್ಲಿಷಿನಲ್ಲಿ ಲೇಖನ ಬರೆದೆ. ಅಚ್ಚಾಯಿತು. ಯಾರೂ ಓದಲಿಲ್ಲ ಎಂದುಕೊಂಡು ನೆಮ್ಮದಿಯಾಗಿದ್ದೆ.

ಓದಿದ್ದರು. ಯೂರೋಪಿನಿಂದ ಡಾ. ಬ್ರೆಮರ್ ಎಂಬವರ ಕಾಗದ ಬಂತು. ಮುಂಗಾರು ಒಂದು ವರ್ಷ ಸರಿಯಾಗಿ ಬಂದು ಇನ್ನೊಂದು ವರ್ಷ ಯಾಕೆ ಕೈಕೊಡುತ್ತದೆ, ಅದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂದು ನೋಡಲು ಹಲವಾರು ದೇಶಗಳು ಹಡಗು, ವಿಮಾನ, ಮೇಲಿನ ಗಾಳಿ ಅಳೆಯುವ ಬೆಲೂನುಗಳನ್ನು ಒಟ್ಟುಗೂಡಿಸುತ್ತಿವೆ. ಯಾರು ಎಲ್ಲಿ ಏನು ಅಳೆಯಬೇಕೆಂದು ಒಪ್ಪಂದ ಮಾಡಿಕೊಳ್ಳಲು ನೈರೋಬಿಯಲ್ಲಿ ಸಭೆ. ತಾವು ಮಳವಳ್ಳಿಯ ಸಂಗತಿಯೊಂದಿಗೆ ಬರಬೇಕು. ಕಾಗದವನ್ನು ಮೂರು ಸಲ ಓದಿದೆ. ಎಲ್ಲೂ ತಮಾಷೆ ಇರಲಿಲ್ಲ.

ಸುದ್ದಿ ಮಳವಳ್ಳಿಗೆ ನನಗಿಂತ ಮೊದಲು ತಲುಪಿತ್ತು. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನ ಪುಟ್ಟಸ್ವಾಮಿ ಮಿಡ್ಲ್ ಸ್ಕೂಲಿನಲ್ಲಿ ನನ್ನ ಬೆಂಚಿನವನು. ಗಲ್ಲಾದಿಂದ ಎದ್ದು ಬಂದು ಹಾರ ಹಾಕಿಯೇಬಿಟ್ಟ.

“ಮದ್ದೂರೋರು ಇಷ್ಟು ದಿನ ವಡೆ ವಡೆ ಅಂತ ಮೆರೀತಿದ್ರಲ್ಲಾ, ಇನ್ಮ್ಯಾಲೆ ಛತ್ರಿ ತಗಳದಾ ಬುಡದಾ ಅಂತ ನಮ್ಮನ್ನ ಕೇಳ್ಬೇಕು ಕಣ್ಲಾ!” ಎಂದ.

ಹೊರಡುವ ಮುಂಚೆ ಕೊನೆಯ ಕೆಲವು ತಿಂಗಳ ನಕಲಿಗಾಗಿ ಕಾಳೇಗೌಡರ ಹತ್ತಿರ ಹೋದೆ.

“ಅದೆಲ್ಲಿಗೋ ಓಯ್ತೀರಂತೆ ಸಾ?”

“ಆಫ್ರಿಕಾಕ್ಕೆ ಗೌಡ್ರೇ.”

“ಅಲ್ಲೂ ಮಳೆ ಆಯ್ತದಾ?”

“ಚೆನ್ನಾಗೇ ಆಗತ್ತಂತೆ.”

“ಮತ್ತೆ ಅವ್ರ ಮಳೆ ಬುಟ್ಟು ನಮ್ಮ ಮಳೆ ಯಾಕಂತೆ ಅವ್ರಿಗೆ?” ಎಂದು ನಕ್ಕು, ರಿಜಿಸ್ಟರಿನ ಮೇಲೆ ಅಂಗೈ ಇಟ್ಟು ಹೇಳಿದರು: “ಒಂದ್ ಮಾತು ಏಳ್ತೀನಿ ಕೇಳಿ. ಇದ್ರಾಗೆ ಒಂದು ತೊಟ್ಟು ಸುಳ್ಳಿಲ್ಲ. ನಿನ್ನೆ ಸುರಿದದ್ದ ನಿನ್ನೆಗೇ ಆಕಿವ್ನಿ. ಮೈಮ್ಯಾಲೆ ಗ್ಯಾನ ಇಟ್ಕಂಡು ಬರ್ದಿವ್ನಿ ಸಾ.”

ನಾನು ತಲೆಯಾಡಿಸಿದೆ. ಹಿಂದಿನ ದಿನ ಚುಚ್ಚಿಸಿಕೊಂಡ ಹಳದಿ ಜ್ವರದ ಇಂಜೆಕ್ಷನ್ನಿನಿಂದ ತೋಳು ಊದಿತ್ತು. ಆ ಊತ ಹೃದಯಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಗೌಡರ ಮಾತು ಕಿವಿಯವರೆಗೆ ಬಂತು, ಒಳಗೆ ಹೋಗಲಿಲ್ಲ.

ಬೊಂಬಾಯಿ, ಅಲ್ಲಿಂದ ಮೇಲಕ್ಕೆ

ನನ್ನ ಹೆಂಡತಿ ಸಾವಿತ್ರಿ ನನ್ನ ತದ್ವಿರುದ್ಧ. ನಾನು ಚಿಂತೆ ಮಾಡುವಷ್ಟು ಹೊತ್ತಿನಲ್ಲಿ ಅವಳು ಕೆಲಸ ಮುಗಿಸಿರುತ್ತಾಳೆ. ವೈದ್ಯನಾಥಪುರಕ್ಕೆ ಹೋಗಿ ಈಶ್ವರನಿಗೆ ಹರಕೆ ಹೊತ್ತು, ಬರುವಾಗ ಮದ್ದೂರಿನಲ್ಲಿಳಿದು ವಡೆ ಕಟ್ಟಿಸಿಕೊಂಡು ಬಂದಳು.

“ಇಷ್ಟೊಂದು ಯಾಕೆ?” ಎಂದೆ.

“ವಿಮಾನ ಕೆಟ್ಟು ಎಲ್ಲಾದ್ರೂ ಇಳಿದ್ರೆ ಬೇಕಾಗತ್ತಲ್ಲ.”

ಆ ಸಾಧ್ಯತೆ ನನಗೆ ಹೊಳೆದಿರಲಿಲ್ಲ. ಬೊಂಬಾಯಿಯಿಂದ ಸಮುದ್ರ ದಾಟುವಷ್ಟೂ ಹೊತ್ತು ಅದೊಂದನ್ನೇ ಯೋಚಿಸುತ್ತ ಕೂತೆ. ಕಿಟಕಿಯ ಹೊರಗೆ ರೆಕ್ಕೆ ಅಲುಗಾಡುತ್ತಿತ್ತು. ಪಕ್ಕದಲ್ಲಿದ್ದ ಗುಜರಾತಿ ವರ್ತಕರು, ಅಲುಗದಿದ್ದರೆ ಮುರಿಯುತ್ತದೆ ಸಾಹೇಬರೇ, ಎಂದು ಸಮಾಧಾನ ಹೇಳಿ ನಾಲ್ಕು ವಡೆ ತಿಂದರು.

ನೈರೋಬಿಯ ಸುಂಕದವನು ನನ್ನ ಪೆಟ್ಟಿಗೆಯಲ್ಲಿ ಪಂಚೆಯೊಳಗೆ ಸುತ್ತಿಟ್ಟಿದ್ದ ಅಳತೆಯ ಲೋಟವನ್ನು ಎತ್ತಿ ಹಿಡಿದ. ಸಭೆಯಲ್ಲಿ ತೋರಿಸಲೆಂದು ಕಾಳೇಗೌಡರ ಹಳೆಯದೊಂದು ಲೋಟ ತಂದಿದ್ದೆ.

“ಇದರಲ್ಲಿ ಏನು ಕುಡಿಯುತ್ತೀರಿ?”

“ಕುಡಿಯುವುದಿಲ್ಲ. ಮಳೆ ಅಳೆಯುತ್ತೇವೆ.”

ಅವನು ಹೊರಗಿನ ಮೋಡ ನೋಡಿದ, ಲೋಟ ನೋಡಿದ. “ಇದು ಸಾಲದು. ಡ್ರಮ್ ತರಬೇಕಿತ್ತು,” ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಿಟ್ಟ.

ನೈರೋಬಿ, ಮೊದಲ ದಿನಗಳು

ಆಫ್ರಿಕಾ ಎಂದರೆ ಬೆವರು ಎಂದುಕೊಂಡು ತೆಳು ಅಂಗಿಗಳನ್ನೇ ಒಯ್ದಿದ್ದೆ. ನೈರೋಬಿ ಬೆಂಗಳೂರಿಗಿಂತ ತಣ್ಣಗಿತ್ತು. ಮಣ್ಣು ನಮ್ಮದೇ ಕೆಂಪು. ಬೆಳಗಿನ ಹೊತ್ತು ರಸ್ತೆಬದಿಯಲ್ಲಿ ಒಬ್ಬಾಕೆ ದೊಡ್ಡ ಪಾತ್ರೆಯಿಂದ ಏನನ್ನೋ ಬಿಸಿಯಾಗಿ ಬಗ್ಗಿಸಿ ಮಾರುತ್ತಿದ್ದಳು. ಬಣ್ಣ ನೋಡಿ ಅನುಮಾನವಾಗಿ ಒಂದು ಲೋಟ ಕುಡಿದೆ. ರಾಗಿ ಗಂಜಿ! ಸಮುದ್ರ ದಾಟಿ ಬಂದು ಕೆರಗೋಡಿನ ಸೋದರಮಾವನ ಅಡಿಗೆಮನೆಯಲ್ಲಿ ಕೂತಂತಾಯಿತು. ಆಮೇಲೆ ದಿನಾ ಹೋಟೆಲಿನ ಬೆಣ್ಣೆ ಬ್ರೆಡ್ಡು ಬಿಟ್ಟು ಅಲ್ಲಿಗೇ ಹೋದೆ.

ಆ ಊರಿನವರಲ್ಲಿ ನನಗೆ ಬಹಳ ಹಿಡಿಸಿದ್ದು ಅವರ ಕುಶಲ ವಿಚಾರಿಸುವ ರೀತಿ. ದಾರಿ ಕೇಳಿದರೂ ಮೊದಲು ನಿಮ್ಮ ಆರೋಗ್ಯ, ಆಮೇಲೆ ಮನೆಯವರು, ಮಕ್ಕಳು, ಊರಿನ ಮಳೆಬೆಳೆ. ಇಷ್ಟಾದ ಮೇಲೆ ದಾರಿ. ನಮ್ಮ ಕಡೆಯೂ ಹಾಗೇ, ಆದರೆ ನಾವು ಅಷ್ಟು ಹೊತ್ತಿಗೆ ಸಂಬಳವನ್ನೂ ಕೇಳಿರುತ್ತೇವೆ.

ಸಭೆಯ ಕೋಣೆಯ ನಡುವೆ ದೊಡ್ಡ ಮೇಜು, ಅದರ ಮೇಲೆ ಹಿಂದೂ ಮಹಾಸಾಗರದ ನಕ್ಷೆ. ಹಡಗುಗಳಿಗೆ ಬಣ್ಣದ ಮರದ ತುಂಡು, ಬೆಲೂನು ಹಾರಿಸುವ ಕೇಂದ್ರಗಳಿಗೆ ಕೆಂಪು ಗುಂಡುಸೂಜಿ. ದೊಡ್ಡ ದೊಡ್ಡ ವಿದ್ವಾಂಸರು ಚೌಕಾಬಾರ ಆಡುವವರಂತೆ ಬಗ್ಗಿ, ನಿಮ್ಮ ಹಡಗು ಇಲ್ಲಿ ಬೇಡ, ನಮ್ಮದು ಅಲ್ಲಿಗೆ ಬರುವುದಿಲ್ಲ ಎಂದು ವಾದಿಸುತ್ತಿದ್ದರು. ಬ್ರೆಮರ್ ತೆಂಗಿನಮರದಂತೆ ಉದ್ದವಾದ, ಸಭ್ಯರಾದ ಮುದುಕರು. ಎಲ್ಲರ ಜಗಳವನ್ನೂ ಕೇಳಿ ಕೊನೆಗೆ, ಮೊದಲು ಚಹಾ ಕುಡಿಯೋಣ, ಎನ್ನುತ್ತಿದ್ದರು. ಒಂದು ಇಡೀ ದಿನ ಚರ್ಚೆಯಾದದ್ದು ಎಲ್ಲ ದೇಶದವರೂ ಬೆಲೂನನ್ನು ಎಷ್ಟು ಗಂಟೆಗೆ ಹಾರಿಸಬೇಕು, ದಿನ ಎಲ್ಲಿಂದ ಶುರು ಎಂದು ಎಣಿಸಬೇಕು ಎಂಬುದರ ಮೇಲೆ. ಇದಕ್ಕೂ ಒಂದು ದಿನವೇ ಎಂದುಕೊಂಡು ನಾನು ಚೆನ್ನಾಗಿ ತೂಕಡಿಸಿದೆ. ಪಕ್ಕದಲ್ಲಿದ್ದ ಸೋವಿಯತ್ ಹಡಗಿನ ವಿಜ್ಞಾನಿ ಪಾವೆಲ್, ಗೊರಕೆ ಬಂದಾಗ ಮೊಣಕೈಯಿಂದ ತಿವಿಯುತ್ತಿದ್ದ.

ಮಳವಳ್ಳಿಯ ಸರದಿ ಬಂತು. ನನ್ನ ಲೇಖನವನ್ನು ಬ್ರೆಮರ್ ತಾವೇ ವಿವರಿಸಿದರು. ನಾನು ಬರೆದದ್ದಕ್ಕಿಂತ ಅವರು ಹೇಳಿದ್ದು ಚೆನ್ನಾಗಿತ್ತು. ಸುತ್ತಲಿನ ಊರಿಗಿಂತ ಒಂದು ದಿನ ಮುಂಚೆ ಮಳೆ ಕಾಣುವ ಊರು ಎಂದರೆ ಮುನ್ಸೂಚನೆಗೆ ಸಿಕ್ಕ ಬೀಗದ ಕೈ ಎಂದರು. ಬೆಲೂನಿನ ಸಾಮಗ್ರಿ ಇದ್ದದ್ದು ಎಣಿಸಿಟ್ಟಷ್ಟೇ. ಅರಬ್ಬೀ ಸಮುದ್ರದ ದ್ವೀಪವೊಂದಕ್ಕೆ ಎಂದಿಟ್ಟಿದ್ದನ್ನು ತೆಗೆದು ಮಳವಳ್ಳಿಗೆ ಕೊಡಬಹುದೇ ಎಂದು ಕೇಳಿ, ದ್ವೀಪದ ಸೂಜಿಯನ್ನು ಕಿತ್ತು ನಮ್ಮೂರಿನ ಮೇಲೆ ಚುಚ್ಚಿ ತೋರಿಸಿದರು. ತೀರ್ಮಾನ ಶನಿವಾರ ಬೆಳಿಗ್ಗೆ.

ಪ್ರಪಂಚದ ನಕ್ಷೆಯ ಮೇಲೆ ಮಳವಳ್ಳಿಗೊಂದು ಕೆಂಪು ಸೂಜಿ! ಪುಟ್ಟಸ್ವಾಮಿಗೆ ತಂತಿ ಕೊಡಬೇಕೆನ್ನಿಸಿತು. ಸದ್ಯ ಕೊಡಲಿಲ್ಲ. ನನ್ನ ಜೀವನದಲ್ಲಿ ಜಿಪುಣತನ ಕಾಪಾಡಿದ್ದು ಅದೊಂದೇ ಸಲ.

ನೈರೋಬಿ, ಶನಿವಾರ

ಶನಿವಾರ ಮಧ್ಯಾಹ್ನದ ಮೇಲೆ ಸಭೆಗೆ ರಜೆ. ಊರ ಹೊರಗಿನ ಬೆಟ್ಟ ನೋಡಿಬರಲು ಹೋಟೆಲಿನ ಕಾರಿನ ಚಾಲಕ ಜುಮಾನನ್ನು ಗೊತ್ತು ಮಾಡಿದ್ದೆ. ಜುಮಾ ಸಮುದ್ರದಂಡೆಯ ಊರಿನವನು, ನನ್ನ ವಯಸ್ಸಿನವನು. ಅವನೊಂದಿಗೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ. ಆದರೆ ಗೊತ್ತು ಮಾಡಿದ ದಿನ ಕೈಪಿಡಿ ನೋಡಿ ಅಂಕಿ ಕಲಿತ ಜಂಭಕ್ಕೆ ಅವನ ಸ್ವಾಹಿಲಿ ಭಾಷೆಯಲ್ಲೇ, ಶನಿವಾರ ಎರಡು ಗಂಟೆಗೆ ಬಾ, ಎಂದಿದ್ದೆ. ಅವನಿಗೆ ಬಹಳ ಸಂತೋಷವಾಗಿತ್ತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮುಖಕ್ಕೆ ಸೋಪು ಬಳಿದುಕೊಂಡು ಕ್ಷೌರಕ್ಕೆ ನಿಂತಿದ್ದೇನೆ, ಬಾಗಿಲು ತಟ್ಟಿದ ಸದ್ದು. ಇಸ್ತ್ರಿ ಅಂಗಿ ತೊಟ್ಟು ಜುಮಾ ನಿಂತಿದ್ದ.

“ಏನಪ್ಪಾ, ಈಗ ಬಂದೆ? ಎರಡು ಗಂಟೆ ಅಂದಿದ್ದೆನಲ್ಲ!”

“ಎರಡೇ ಆಗಿದೆ, ಪ್ರೊಫೆಸರ್.”

ಗಡಿಯಾರ ತೋರಿಸಿದೆ. ಅವನು ಅದನ್ನು ಮಗು ಬರೆದ ಚಿತ್ರ ನೋಡುವಂತೆ ನೋಡಿ ನಕ್ಕ.

“ಅದು ನಿಮ್ಮ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳಿದರೆ ನಮ್ಮ ಲೆಕ್ಕ. ಸೂರ್ಯ ಹುಟ್ಟಿ ಒಂದು ಗಂಟೆಯಾದರೆ ಒಂದು, ಎರಡು ಗಂಟೆಯಾದರೆ ಎರಡು. ನೀವು ಎಲ್ಲರೂ ಮಲಗಿರುವಾಗ ಕತ್ತಲಲ್ಲಿ ದಿನ ಶುರು ಮಾಡುತ್ತೀರಿ. ಶುರುವಾದದ್ದನ್ನು ನೋಡಿದವರು ಯಾರು?”

ನಮ್ಮ ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯೋದಯಕ್ಕೇ. ದಿನ ಎಲ್ಲಿಂದ ಶುರು ಎಂಬುದು ಅವರವರ ಲೆಕ್ಕ ಎಂದುಕೊಂಡು ಕನ್ನಡಿಗೆ ತಿರುಗಿ ಕತ್ತಿ ಎತ್ತಿದೆ. ಆಗ, ಎಲ್ಲಿ ಕೂತಿತ್ತೋ, ಕಾಳೇಗೌಡರ ಮಾತು ಕಿವಿಯಿಂದ ಒಳಗಿಳಿಯಿತು.

ನಿನ್ನೆ ಸುರಿದದ್ದ ನಿನ್ನೆಗೇ ಆಕಿವ್ನಿ ಸಾ.

ಗಲ್ಲ ಕುಯ್ದುಕೊಂಡೆ.

ಓದುಗರಿಗೆ ಇಲ್ಲಿ ಒಂದು ನಿಯಮ ಹೇಳಬೇಕು. ಬೆಳಿಗ್ಗೆ ಎಂಟೂವರೆಗೆ ಡಬ್ಬಿಯಲ್ಲಿ ಎಷ್ಟು ನೀರಿದೆಯೋ ಅದನ್ನು ಅಳೆದ ದಿನದ ತಾರೀಖಿಗೇ ಬರೆಯಬೇಕು. ಸೋಮವಾರ ಸಂಜೆ ಸುರಿದ ಮಳೆ ರಿಜಿಸ್ಟರಿನಲ್ಲಿ ಮಂಗಳವಾರದ್ದು. ಮಂಡ್ಯದವರೂ ಮದ್ದೂರಿನವರೂ ಹಾಗೇ ಬರೆಯುತ್ತಿದ್ದರು. ಕಾಳೇಗೌಡರು ಮಾತ್ರ ಸೋಮವಾರದ ಮಳೆಯನ್ನು ಸೋಮವಾರಕ್ಕೇ ಹಾಕಿ ಧರ್ಮ ಕಾಪಾಡಿದ್ದರು. ಮಳೆ ಎಲ್ಲ ಕಡೆಯೂ ಒಟ್ಟಿಗೇ ಬಂದಿತ್ತು. ಒಂದು ದಿನ ಮುಂಚೆ ಬಂದದ್ದು ಗೌಡರ ಪೆನ್ನು.

ಸೋಪಿನ ಮುಖದಲ್ಲೇ ಪೆಟ್ಟಿಗೆ ತೆಗೆದು ನಕಲು ಪುಸ್ತಕ ಹುಡುಕಿದೆ. ಸಾಕ್ಷಿಗೆ ನನ್ನ ಮದುವೆಯೇ ಇತ್ತು. ಮಳವಳ್ಳಿಯಲ್ಲಿ ಶುಕ್ರವಾರ ಬೆಳಿಗ್ಗೆ ಧಾರೆ. ಸಂಜೆ ಆರತಕ್ಷತೆಗೆ ಧೋ ಎಂದು ಸುರಿದು ಚಪ್ಪರ ಬಿತ್ತು. ಅದೇ ಸಂಜೆ ಮದ್ದೂರಿನಲ್ಲೂ ಹಾಗೇ ಸುರಿದು, ಸೋದರಮಾವನ ಬಸ್ಸು ನೀರಿನಲ್ಲಿ ನಿಂತು, ಅವರು ಊಟ ಮುಗಿದ ಮೇಲೆ ಬಂದು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಮದ್ದೂರಿನ ಪುಟದಲ್ಲಿ ಮಳೆ ಶನಿವಾರಕ್ಕಿತ್ತು. ಮಳವಳ್ಳಿಯ ಪುಟದಲ್ಲಿ ಶುಕ್ರವಾರಕ್ಕೆ. ಆ ಸಾಲನ್ನು ನಕಲು ಮಾಡುವಾಗ, ಆಹಾ ನಮ್ಮ ಮದುವೆಯ ಮಳೆ ಎಂದು ಹಿಗ್ಗಿ, ಪಕ್ಕದಲ್ಲಿ ಸಣ್ಣದೊಂದು ಹೂವು ಬರೆದಿದ್ದೆ. ಹೂವು ಬರೆದೆ, ಅರ್ಥ ಮಾಡಿಕೊಳ್ಳಲಿಲ್ಲ.

ಸಭೆಗೆ ಇನ್ನು ಒಂದು ಗಂಟೆಯಿತ್ತು. ಜೀವಮಾನವಿಡೀ ಆಗದ ಅನಾಹುತಗಳಿಗೆ ಚಿಂತೆ ಮಾಡಿದ್ದೆ. ಈಗ ಒಂದು ನಿಜವಾಗಿ ಆಗಿತ್ತು, ಅದಕ್ಕೆ ಚಿಂತೆ ಮಾಡುವುದು ಹೇಗೆಂದೇ ತಿಳಿಯಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಊರಿಗೆ ಬೆಲೂನು ಬರುತ್ತದೆ, ನನಗೆ ಇನ್ನೊಂದು ಹಾರ. ಆದರೆ ಮುಂಗಾರಿನ ದಾರಿಯಲ್ಲೇ ಕೂತಿರುವ ಆ ದ್ವೀಪದ ಗಾಳಿಯನ್ನು ಯಾರೂ ಅಳೆಯುವುದಿಲ್ಲ. ಹೇಳಿದರೆ, ಇಷ್ಟು ದೂರ ಕರೆಸಿದವರ ಎದುರು ನನ್ನ ಶೋಧವೇ ಇಲ್ಲ.

“ನಿಮಗೆ ಹುಷಾರಿಲ್ಲವೇ?” ಎಂದ ಜುಮಾ. “ಮನೆಯಲ್ಲಿ ಎಲ್ಲರೂ ಕ್ಷೇಮವೇ? ಮಕ್ಕಳು?”

“ಎಲ್ಲರೂ ಕ್ಷೇಮ. ನನ್ನದೇ ಒಂದು ದಿನ ತಪ್ಪಿದೆ.”

“ಬರೀ ಒಂದು ದಿನವೇ?” ಎಂದು ಅವನು ಹಗುರವಾಗಿ ಉಸಿರುಬಿಟ್ಟ. “ನೀವು ಸಭೆಗೆ ಹೋಗಿ ಬನ್ನಿ. ನಾನು ನಿಮ್ಮ ಎರಡು ಗಂಟೆಗೂ ಬರುತ್ತೇನೆ.”

ಸಭೆಯಲ್ಲಿ ಗಲ್ಲಕ್ಕೆ ಕಾಗದದ ಚೂರು ಅಂಟಿಸಿಕೊಂಡು ಎದ್ದು ನಿಂತೆ. ಮದುವೆಯ ಚಪ್ಪರದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಮಳವಳ್ಳಿಯ ಮಳೆ ಎಲ್ಲರ ಮಳೆಯಂತೆಯೇ ಬರುತ್ತದೆ, ದಯವಿಟ್ಟು ಸೂಜಿಯನ್ನು ದ್ವೀಪಕ್ಕೇ ಚುಚ್ಚಿ ಎಂದು ಕೂತೆ.

ಮೊದಲು ನಕ್ಕವನು ಪಾವೆಲ್. ನಕ್ಕು ನಕ್ಕು ಕಣ್ಣೊರೆಸಿಕೊಂಡು, ತಾನು ಹೋದ ಹಡಗೊಂದರಲ್ಲಿ ಊಟದ ಹೊತ್ತು ತಪ್ಪಬಾರದೆಂದು ಅಡಿಗೆಯವ ಗಡಿಯಾರವನ್ನು ಊರಿನ ವೇಳೆಗೇ ಇಟ್ಟಿದ್ದನೆಂದೂ, ಅದನ್ನು ನೋಡಿಕೊಂಡು ತಾವು ತಿಂಗಳುಗಟ್ಟಲೆ ಗಾಳಿ ಬರೆದುಕೊಂಡೆವೆಂದೂ ಒಪ್ಪಿಕೊಂಡ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಅರ್ಧ ಗಂಟೆ ಅದು ವಿಜ್ಞಾನದ ಸಭೆಯಾಗಿರಲಿಲ್ಲ, ಪಾಪನಿವೇದನೆಯಾಗಿತ್ತು.

ಬ್ರೆಮರ್ ನಕ್ಷೆಯ ಹತ್ತಿರ ಹೋಗಿ ಮಳವಳ್ಳಿಯ ಸೂಜಿ ಕಿತ್ತರು. ನನ್ನ ಎದೆಯಲ್ಲಿ ಏನೋ ಕಿತ್ತಂತಾಯಿತು. ಅದನ್ನು ದ್ವೀಪಕ್ಕೆ ಚುಚ್ಚಿ ನನ್ನ ಕಡೆ ತಿರುಗಿದರು.

“ಆ ನಿಮ್ಮ ಮನುಷ್ಯ, ಒಂದು ದಿನವಾದರೂ ಬೇರೆ ರೀತಿ ಬರೆದಿದ್ದಾನೆಯೇ?”

“ಇಲ್ಲ.”

“ಹಾಗಾದರೆ ಅವನ ಪುಸ್ತಕವನ್ನು ಒಂದು ಸಾಲು ಕೆಳಗೆ ಸರಿಸಿದರೆ ಸಾಕು, ಎಲ್ಲ ಸರಿ. ಇಷ್ಟು ನೇರವಾಗಿ ತಪ್ಪು ಮಾಡುವವರು ಸಿಗುವುದು ಕಷ್ಟ. ದಿನಕ್ಕೊಂದು ತರಹ ಬರೆಯುವವರನ್ನು ಏನು ಮಾಡಲಿ ನಾನು?” ಎಂದು, ಕೇಂದ್ರಗಳಿಗೆ ಕೊಡುವ ಸೂಚನೆಗಳಲ್ಲಿ ಒಂದು ಸಾಲು ಸೇರಿಸಿದರು. ಮಳೆ ಬರೆಯುವ ಪ್ರತಿಯೊಬ್ಬನನ್ನೂ, ಕಾಗದದ ಮೂಲಕವಲ್ಲ, ಎದುರಿಗೆ ಕೂತು ಕೇಳಬೇಕು: ಇದನ್ನು ಯಾವ ದಿನಕ್ಕೆ ಬರೆಯುತ್ತೀಯ? ಆಮೇಲೆ ಹೇಳಿದರು, ಮೊದಲು ಚಹಾ ಕುಡಿಯೋಣ.

ಸಮುದ್ರದಂಡೆ

ಸಭೆ ಮುಗಿದ ಮೇಲೆ ನಮ್ಮನ್ನೆಲ್ಲ ಕರಾವಳಿಗೆ ಕರೆದೊಯ್ದು ಬೆಲೂನು ಹಾರಿಸುವುದನ್ನು ತೋರಿಸಿದರು. ಜುಮಾನೇ ಸಾರಥಿ. ದಂಡೆಯ ಮೇಲೆ ನಿಂತರೆ ಬೆನ್ನಿಗೆ ಗಾಳಿ. ಪಂಚೆ ಉಟ್ಟಿದ್ದರೆ ಮಾನ ಹೋಗುತ್ತಿತ್ತು, ಅಂಥ ಗಾಳಿ. ಬಿಳಿ ಬೆಲೂನು ಕೈ ಬಿಟ್ಟೊಡನೆ ಓರೆಯಾಗಿ ಏರಿ ಉತ್ತರದ ಕಡೆಗೆ ಓಡಿತು.

“ಈ ಗಾಳಿಗೆ ಕುಸಿ ಎನ್ನುತ್ತೇವೆ,” ಎಂದ ಜುಮಾ. “ನನ್ನ ಅಜ್ಜ ಈ ಗಾಳಿ ಹಿಡಿದು ಹಾಯಿ ಹಡಗಿನಲ್ಲಿ ನಿಮ್ಮ ಕಡೆಗೆ ಹೋಗುತ್ತಿದ್ದ. ಗಾಳಿ ತಿರುಗುವ ತನಕ ಅಲ್ಲೇ ಇದ್ದು ವಾಪಸು ಬರುತ್ತಿದ್ದ.”

ನಮ್ಮ ಮುಂಗಾರು ಹೊರಡುವ ಬಸ್‌ಸ್ಟ್ಯಾಂಡು ಇದೇ ಎಂದು ಆಗ ಮನಸ್ಸಿಗೆ ಬಂತು. ಇಷ್ಟು ದಿನ ಪಾಠ ಮಾಡಿದ್ದೆ, ಬೆನ್ನಿಗೆ ತಾಗಿರಲಿಲ್ಲ. ಈ ಗಾಳಿ ಹೀಗೇ ಸಮುದ್ರ ದಾಟಿ, ಘಟ್ಟ ಹತ್ತಿ ಇಳಿದು, ಉಳಿದ ಸ್ವಲ್ಪವನ್ನು ನಮ್ಮ ಕಬ್ಬಿನ ಗದ್ದೆಗಳ ಮೇಲೆ ಚಿಮುಕಿಸುತ್ತದೆ. ಹೊರಗೆ ಒಣಗಲು ಹಾಕಿದ ಸಂಡಿಗೆಯನ್ನು ಒಳಗೆ ತಗೋ ಎಂದು ಸಾವಿತ್ರಿಗೆ ಹೇಳಿ ಕಳಿಸೋಣವೆನ್ನಿಸಿತು.

ಮತ್ತೆ ಮಳವಳ್ಳಿ

ಬಸ್ಸಿಳಿಯುತ್ತಲೇ ಪುಟ್ಟಸ್ವಾಮಿ ಹಿಡಿದ. ವಿಷಯ ಕೇಳಿ ಹಣೆ ಚಚ್ಚಿಕೊಂಡ.

“ಬಾಯ್ ಮುಚ್ಕೊಂಡು ಬರಕ್ಕಾಗ್ನಿಲ್ವಾ ನಿಂಗೆ? ನಮ್ಮ ಮಳೆ ಒಂದಿನ ಮುಂಚೆ ಬತ್ತದೆ ಅಂತ ಊರಿಗೆಲ್ಲಾ ಏಳಿದ್ದೆ ಕಣ್ಲಾ! ಮದ್ದೂರೋರಿಗೆ ಮಕ ಎಂಗ್ಲಾ ತೋರ್ಸದು?” ಎಂದು, ಕಾಫಿಯನ್ನಂತೂ ಕೊಟ್ಟ. ಸ್ವಲ್ಪ ತಣ್ಣಗಿತ್ತು.

ನನಗೆ ಚಿಂತೆ ಕಾಳೇಗೌಡರದು. ಇಪ್ಪತ್ತೆರಡು ವರ್ಷ ಮೈಮೇಲೆ ಜ್ಞಾನವಿಟ್ಟುಕೊಂಡು ಬರೆದವರಿಗೆ ಹೇಗೆ ಹೇಳುವುದು? ಸಂಜೆ ಕಚೇರಿಯ ಹಿತ್ತಲಿಗೆ ಹೋಗಿ, ಲೋಟ ಹಿಂದಿರುಗಿಸಿ, ಸುತ್ತಿ ಬಳಸಿ ಹೇಳಿದೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು.

“ಅಂಗಾರೆ ನಾ ಬರ್ದಿದ್ದೆಲ್ಲ ಸುಳ್ಳಾ ಸಾ?”

“ಒಂದು ತೊಟ್ಟೂ ಸುಳ್ಳಿಲ್ಲ ಗೌಡ್ರೇ. ಒಂದೊಂದು ಸಾಲು ಕೆಳಕ್ಕೆ ಸರಿಸಿದ್ರೆ ಆಯ್ತು. ಇಷ್ಟು ನೇರವಾಗಿ ಬರೆಯೋರು ಸಿಕ್ಕೋದು ಕಷ್ಟ ಅಂದ್ರು ಅಲ್ಲಿನ ದೊಡ್ಡವರು. ಸುಳ್ಳು ಹೇಳಿದ್ದು ನಾನು, ಇಂಗ್ಲಿಷಲ್ಲಿ.”

ಗೌಡರು ಲೋಟವನ್ನು ಬೆಳಕಿಗೆ ಹಿಡಿದು ಬಿರುಕಿದೆಯೇ ನೋಡಿದರು. ಮೀಸೆಯ ಕೆಳಗೆ ನಗು ಬಂತು. “ನನ್ನ ತಪ್ಪು ಇಡ್ಕಂಡು ಇಮಾನದಾಗೆ ಓಗ್ ಬಂದ್ರಿ ಅನ್ನಿ. ಇನ್ನೊಂದು ತಪ್ಪು ಮಾಡ್ಲಾ? ಇಬ್ರೂ ಓಗ್ಬೈದು.”

ಅಷ್ಟರಲ್ಲಿ ಪಡುವಲಿನಿಂದ ಗಾಳಿ ಎದ್ದಿತು. ದಪ್ಪ ಹನಿ ನಾಲ್ಕು ಬಿದ್ದು, ಹಿಂದೆಯೇ ಮಳೆ ಧೋ ಎಂದು ಬಂತು. ಓಡುವಷ್ಟರಲ್ಲಿ ಇಬ್ಬರೂ ತೊಯ್ದು ತೊಪ್ಪೆ. ಜಗುಲಿಯಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತ ಗೌಡರು ರಿಜಿಸ್ಟರು ತೆಗೆದು, ಅಂದಿನ ತಾರೀಖಿನ ಮೇಲೆ ಬೆರಳಿಟ್ಟರು.

“ಇದ್ನ ಯಾವ ದಿನುಕ್ಕೆ ಬರೀಲಿ ಸಾ?”

“ನಾಳೆ ಬೆಳಿಗ್ಗೆ ಅಳೆದು ನಾಳೆಗೆ.”

“ಮತ್ತೆ ಇವತ್ತುಕ್ಕೆ?”

“ಇವತ್ತು ಬೆಳಿಗ್ಗೆ ಡಬ್ಬಿ ಖಾಲಿ ಇತ್ತಲ್ಲ. ಸೊನ್ನೆ.”

ಗೌಡರು ನನ್ನ ಅಂಗಿಯಿಂದ ಇಳಿಯುತ್ತಿದ್ದ ನೀರು ನೋಡಿದರು, ಸೂರಿನಿಂದ ಇಳಿಯುತ್ತಿದ್ದ ನೀರು ನೋಡಿದರು, ಒಂದು ಕಣ್ಣು ಮುಚ್ಚಿ ನನ್ನನ್ನೇ ಅಳೆಯುವವರಂತೆ ನೋಡಿದರು. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಹಾಳೆಗೆ ಹನಿ ಬೀಳದಂತೆ ದೂರ ಬಗ್ಗಿ, ಗುಂಡಗೆ ಒಂದು ಸೊನ್ನೆ ಬರೆದರು.

“ಮಳೆ ಇಲ್ಲ,” ಎಂದರು.